ಮೊರದಲ್ಲಿಟ್ಟ ಚೆಂಡು

ನಾನು ನಿಂತಿದ್ದದ್ದು ಚನ್ನರಾಯಪಟ್ಟಣದ ಕೆರೆ ಏರಿಯ ಕೆಳಗಿನ ಬಯಲಿನಲ್ಲಿ, ಆಟದ ಅಂಗಳದ ನಡುಗೆರೆ ಬದಿಯ ಸುಣ್ಣದ ಗೆರೆಯನ್ನು ಸೇರುವಲ್ಲಿ, ಎರಡು ಹೆಜ್ಜೆ ಹೊರಗೆ. ಸಂಜೆ ಐದು ಗಂಟೆ ಹತ್ತು ನಿಮಿಷ. ಗಡಿಯಾರ ಎಡ ಅಂಗೈಯಲ್ಲಿತ್ತು. ಸೀಟಿ ಬಲಗೈಯಲ್ಲಿತ್ತು, ಬಾಯಲ್ಲಿರಲಿಲ್ಲ. ಸೂರ್ಯ ನನ್ನ ಬೆನ್ನ ಹಿಂದೆ ಇದ್ದುದರಿಂದ ಕಣ್ಣು ಕುಕ್ಕಿ ಸರಿಯಾಗಿ ಕಾಣಲಿಲ್ಲ ಎಂದು ಹೇಳುವ ಹಾಗೂ ಇಲ್ಲ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲಿನ ಮಾಘ ಮಾಸ. ಈಗ ಹನ್ನೆರಡು ವರ್ಷವಾಯಿತು.

ಇದನ್ನು ಇಷ್ಟು ದಿನ ಬರೆಯದೆ ಈಗ ಬರೆಯುತ್ತಿರುವುದು ಒಂದು ಬನಿಯನ್ನಿನ ದೆಸೆಯಿಂದ. ಕಳೆದ ಭಾನುವಾರ ಹೊಳೆನರಸೀಪುರದ ನಮ್ಮ ಮನೆಗೆ ಇಬ್ಬರು ತರುಣರು ಬಂದರು. ಇಬ್ಬರೂ ನಮ್ಮ ಊರಿನ ಬಾಸ್ಕೆಟ್‌ಬಾಲ್ ತಂಡದವರು. ಕಾಗದದ ಪೊಟ್ಟಣ ಬಿಚ್ಚಿ, ಆಗತಾನೆ ಬಣ್ಣ ಕಟ್ಟಿಸಿದ್ದ ಕೆಂಪು ಬನಿಯನ್ನೊಂದನ್ನು ನನ್ನ ಮೇಜಿನ ಮೇಲೆ ಹರಡಿದರು. ಹೊಸ ಬಣ್ಣದ ಘಾಟು, ಗಂಜಿಯ ವಾಸನೆ. ಎದೆಯ ಮೇಲೆ ಹೆಸರಿರಲಿಲ್ಲ. ಜಾಗ ಖಾಲಿ ಬಿಟ್ಟಿದ್ದರು.

“ಆಸನ್ದಲ್ಲಿ ಪಂದ್ಯ ಅದೆ ಸಾ,” ಅಂದ ಒಬ್ಬ. “ತಿಪ್ಪೆ ಟೀಮು ಅಂತ ಎದೆ ಮ್ಯಾಲೆ ಬರ್ಕಂಡು ಅಲ್ಲಿಗೋದ್ರೆ ಜನ ಮೂಗು ಮುಚ್ಕತಾರೆ. ಬೇರೆ ಹೆಸ್ರು ಇಡಾಣ ಅಂತ ಅವ್ರೆ ಎಲ್ರೂ.”

“ಬಾಗೂರಜ್ಜಿನ ಕೇಳ್ಕಂಡು ಬಂದೊ ಸಾ,” ಅಂದ ಇನ್ನೊಬ್ಬ. “ಹೆಸ್ರಿಟ್ಟೋಳು ಅವಳೇ ಅಂತಲ್ಲ. ‘ಆ ಹೆಸ್ರು ನನ್ ಕೈಲಿ ಕೆಟ್ಟೋಯ್ತು ಕಣ್ರಪ್ಪ, ಬಿಟ್ಬುಡಿ’ ಅಂದ್ಬುಟ್ಲು. ನೀವು ತಂಡದ ಚರಿತ್ರೆ ಒಂದ್ ಪುಟ ಬರ್ಕೊಡಿ. ಹೆಸ್ರು ಯಾಕೆ ಬದ್ಲಾಯ್ಸಿದ್ದು ಅಂತ ಜನಕ್ಕೆ ಗೊತ್ತಾಗ್ಲಿ.”

ಬರೆಯುತ್ತೇನೆ ಅಂದೆ. ಅವರು ಬನಿಯನ್ನನ್ನು ಮೇಜಿನ ಮೇಲೆಯೇ ಬಿಟ್ಟು ಹೋದರು. ಹೆಂಡತಿ ಕಾಫಿ ತಂದಾಗ ನಾನು ಅದನ್ನೇ ನೋಡುತ್ತ ಕೂತಿದ್ದೆನಂತೆ. ಕಾಫಿ ಆರಿ ಕೆನೆ ಕಟ್ಟಿತು.

ತಂಡ ಹುಟ್ಟಿದ್ದು ಟಗರುಗಳಿಂದ ಎಂದರೆ ನೀವು ನಂಬಲಾರಿರಿ. ಆಗ ನಮ್ಮ ಕಡೆ ಅನುಕೂಲಸ್ಥರು ಕಾಳಗದ ಟಗರು ಸಾಕುತ್ತಿದ್ದರು. ಕೊಬ್ಬರಿ ಮಂಡಿಯ ಗುರುಬಸಪ್ಪನವರಿಗೆ ರಕ್ತ ಕಂಡರೆ ಆಗುತ್ತಿರಲಿಲ್ಲ. ವಿಭೂತಿ ಧರಿಸಿ ಮಂಡಿಯ ಗಾದಿಯ ಮೇಲೆ ಕೂರುವ ಸಾಧು ಮನುಷ್ಯ. ಆದರೆ ಏನನ್ನಾದರೂ ಸಾಕಬೇಕು, ಅದು ಗೆಲ್ಲಬೇಕು, ಜನ ನೋಡಬೇಕು ಎಂಬ ಆಸೆ ಅವರಿಗೂ ಇತ್ತು. ವ್ಯಾಪಾರಕ್ಕೆಂದು ಮೈಸೂರಿಗೆ ಹೋದಾಗ ಯಾವುದೋ ಮೈದಾನದಲ್ಲಿ ಈ ಆಟ ನೋಡಿಕೊಂಡು ಬಂದವರೇ ನನಗೆ ಹೇಳಿ ಕಳಿಸಿದರು. ನಾನು ಶಾಲೆಯಲ್ಲಿ ಗಣಿತದ ಮೇಷ್ಟ್ರು.

“ಮೇಷ್ಟ್ರೇ, ಬುಟ್ಟಿಗೆ ಚೆಂಡು ಹಾಕೋ ಆಟ ನಿಮಗೆ ಗೊತ್ತಂತಲ್ಲ?”

“ನಿಯಮ ಗೊತ್ತು. ಆಡೋಕೆ ಬರಲ್ಲ,” ಅಂದೆ. ನಿಜ. ತರಬೇತಿ ಕಾಲೇಜಿನಲ್ಲಿ ನಾನು ಎಸೆದ ಚೆಂಡು ಒಮ್ಮೆ ನನ್ನ ತಲೆಯ ಹಿಂದಕ್ಕೇ ಹೋಗಿ ಡ್ರಿಲ್ ಮೇಷ್ಟ್ರ ಪೇಟ ಬೀಳಿಸಿತ್ತು. ನನ್ನ ಎತ್ತರವನ್ನು ಇಲ್ಲಿ ಹೇಳುವುದಿಲ್ಲ.

“ಅದಕ್ಕೇನಂತೆ. ಟಗರು ಸಾಕೋರಿಗೆ ಗುದ್ದಕ್ಕೆ ಬತ್ತದಾ?” ಅಂದರು ಗುರುಬಸಪ್ಪನವರು.

ಹೀಗೆ ಮಂಡಿಯ ಆಳುಗಳಲ್ಲಿ ಎತ್ತರದ ಏಳು ಜನರನ್ನು ಆರಿಸಿದೆವು. ಮೂಟೆ ಹೊರುವವರು, ತೆಂಗಿನ ಮರ ಹತ್ತುವವರು. ಬೆಳಿಗ್ಗೆ ಕೊಬ್ಬರಿ ಕೆಲಸ, ಸಂಜೆ ಆಟ, ಎರಡಕ್ಕೂ ಸಂಬಳ. ನನಗೆ ತಿಳಿದ ಮಟ್ಟಿಗೆ ಈ ನಾಲ್ಕು ತಾಲ್ಲೂಕಿನಲ್ಲಿ ಚೆಂಡು ಆಡುವುದನ್ನೇ ಉದ್ಯೋಗ ಮಾಡಿಕೊಂಡವರು ಅವರೇ ಮೊದಲು. ಹಾಸನದ ವಿದ್ಯಾವಂತ ತಂಡದವರು ಇದನ್ನು ‘ಕೂಲಿ ಆಟ’ ಎಂದು ನಗುತ್ತಿದ್ದರು. ಬಂಡಿ ಗಾಲಿಗೆ ಪಟ್ಟಿ ಕಟ್ಟುವ ಕಮ್ಮಾರ ಕಬ್ಬಿಣದ ಬಳೆ ಮಾಡಿಕೊಟ್ಟ. ಬಲೆಯನ್ನು ತೆಂಗಿನ ನಾರಿನಿಂದ ಹೆಣೆದೆವು. ಅದು ಎಷ್ಟು ಒರಟಾಗಿತ್ತೆಂದರೆ ಒಳಗೆ ಬಿದ್ದ ಚೆಂಡು ಕೆಳಗೆ ಇಳಿಯುತ್ತಿರಲಿಲ್ಲ. ಪ್ರತಿ ಸಲವೂ ಕಾಯಿ ಕೀಳುವ ದೋಟಿಯಿಂದ ತಿವಿದು ಬೀಳಿಸಬೇಕು. ಆ ದೋಟಿಯನ್ನು ಹಿಡಿದು ನಿಲ್ಲುವ ಕೆಲಸ ಬಹಳ ದಿನ ನನ್ನದಾಗಿತ್ತು. ಆಮೇಲೆ ಗುರುಬಸಪ್ಪನವರು ಒಂದು ಗಡಿಯಾರ ಕೊಟ್ಟು ನನ್ನನ್ನು ಕಾಲಪಾಲಕನನ್ನಾಗಿ ಮಾಡಿದರು.

ಹೆಸರು ಮಾತ್ರ ದೊಡ್ಡದೇ ಬೇಕು ಅಂದರು. ‘ರಣಸಿಂಹ’ ಎಂದು ಇಟ್ಟೆವು. ಮಂಡಿಯ ಹಂಡೆಯಲ್ಲೇ ಬನಿಯನ್ನುಗಳಿಗೆ ಕೆಂಪು ಕಟ್ಟಿ, ಬಿಳಿ ಬಣ್ಣದಲ್ಲಿ ನಾನೇ ಹೆಸರು ಬರೆದೆ. ಆ ಹಂಡೆಯ ಘಾಟೇ ಕಳೆದ ಭಾನುವಾರ ನನ್ನ ಮೇಜಿನ ಮೇಲಿನಿಂದ ಬಂದದ್ದು.

ರಣಸಿಂಹ ಒಂದೂವರೆ ವರ್ಷ ಬದುಕಿತು. ಮೊದಲು ಚೆನ್ನ ಎಂಬುವನು ಹೋದ. ಹೇಮಾವತಿಯಲ್ಲಿ ಎತ್ತು ತೊಳೆಯಲು ಇಳಿದವನು. ಎತ್ತು ದಡಕ್ಕೆ ಬಂತು, ಅವನು ಬರಲಿಲ್ಲ. ಐದು ತಿಂಗಳಾದ ಮೇಲೆ ಮರಿಯಪ್ಪ ತೆಂಗಿನ ಮರದಿಂದ ಬಿದ್ದ. ಎರಡೂ ಸಲ ಅವರು ಮೈಮೇಲೆ ಹಾಕಿಕೊಂಡಿದ್ದದ್ದು ಆ ಬನಿಯನ್ನನ್ನೇ. ಬೇರೆ ಒಳ್ಳೆಯ ಬಟ್ಟೆ ಅವರಿಗೆ ಇರಲಿಲ್ಲ ಎಂಬುದನ್ನು ಯಾರೂ ಯೋಚಿಸಲಿಲ್ಲ. ಉಳಿದವರು ಆಟಕ್ಕೆ ಬರಲು ಹಿಂಜರಿದರು.

ಆಗಲೇ ಬಾಗೂರಿನಿಂದ ಪುಟ್ಟತಾಯಮ್ಮ ಬಂದದ್ದು, ಮಗನನ್ನು ಕರೆದುಕೊಂಡು ಹೋಗಲು. ಮಗನ ಹೆಸರು ಗುಂಡೇಗೌಡ, ನಮಗೆಲ್ಲ ಗುಂಡ. ಆರಡಿಗೆ ಎರಡು ಬೆರಳು ಕಡಿಮೆ ಇದ್ದ. ಆಗಿನ ನಿಯಮದಲ್ಲಿ ಪ್ರತಿ ಗೋಲಿನ ನಂತರವೂ ನಡುಗೆರೆಯಲ್ಲಿ ಚೆಂಡನ್ನು ಮೇಲಕ್ಕೆಸೆಯುತ್ತಿದ್ದರು. ಎರಡು ಕಡೆಯಿಂದಲೂ ಒಬ್ಬೊಬ್ಬ ಹಾರಬೇಕು. ನಮ್ಮ ಕಡೆ ಹಾರುತ್ತಿದ್ದವನು ಗುಂಡ. ಅವನು ಹಾರಿದರೆ ಇಳಿಯುವುದನ್ನು ಮರೆತವನ ಹಾಗೆ ಕಾಣುತ್ತಿದ್ದ. ಅವನ ಬಲ ಮೂಗಿನಲ್ಲಿ ಒಂದು ಹಳೆಯ ತೂತಿತ್ತು.

ಅದೇನೆಂದು ಆ ದಿನ ಅವನ ತಾಯಿಯೇ ಹೇಳಿದಳು. ಗುಂಡನಿಗಿಂತ ಮುಂಚೆ ಹುಟ್ಟಿದ ಮೂರು ಕೂಸುಗಳು ಉಳಿದಿರಲಿಲ್ಲ. ಇವನನ್ನು ಹುಟ್ಟಿದ ದಿನವೇ ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಇಟ್ಟು ಬಂದರು, ಬೇಡವಾದ ಕಸದ ಹಾಗೆ. ಪಕ್ಕದ ಮನೆಯ ಹೆಂಗಸು, ಕೂಸು ಸಿಕ್ಕಿತು ಎಂದು ಎತ್ತಿಕೊಂಡಳು. ತಾಯಿ ಅವಳಿಗೆ ಒಂದು ಬೊಗಸೆ ತೌಡು ಕೊಟ್ಟು ಕೂಸನ್ನು ಕೊಂಡಳು. ಮೂಗು ಚುಚ್ಚಿ, ಕಲ್ಲಿಗೆ ಇಡುವ ಹೆಸರು ಇಟ್ಟರು. ತೌಡಿಗೆ ಬಂದ ಕೂಸು, ಕಲ್ಲಿನ ಹೆಸರು. ಸಾವು ಕೂಡ ತಿರುಗಿ ನೋಡುವುದಿಲ್ಲ ಎಂದು ನಂಬಿಕೆ. ನಮ್ಮ ಕಡೆ ತಿಪ್ಪಯ್ಯ, ಗುಂಡಮ್ಮ ಎಂಬ ಹೆಸರುಗಳೆಲ್ಲ ಹೀಗೆ ಬಂದವು.

“ಸಿಮ್ಮ ಗಿಮ್ಮ ಅಂತ ಹೆಸ್ರಿಕ್ಕಿ ಕಣ್ಣಿಗ್ ಕಾಣಂಗೆ ಮಾಡಿದ್ದೀರಿ,” ಅಂದಳು ಪುಟ್ಟತಾಯಮ್ಮ ಗುರುಬಸಪ್ಪನವರಿಗೆ. “ನನ್ ಮಗ ಇಲ್ಲಿರ್ಬೇಕು ಅಂದ್ರೆ ಆ ಹೆಸ್ರು ತಗೀರಿ. ಚೆಂಡು ಕೊಡಿ ಇಲ್ಲಿ.”

“ಚೆಂಡಿಗೇನು ಮಾಡ್ತೀಯವ್ವ?”

“ಕೂಸಿಗೆ ಮಾಡಿದ್ದು.”

ಮಂಡಿಯ ಹಿತ್ತಲಲ್ಲಿ ದನದ ತಿಪ್ಪೆಯಿತ್ತು. ಪುಟ್ಟತಾಯಮ್ಮ ಚೆಂಡನ್ನು ಮೊರದಲ್ಲಿಟ್ಟು, ಮೊರವನ್ನು ತಿಪ್ಪೆಯ ಮೇಲಿಟ್ಟು, ತಿರುಗಿ ನೋಡದೆ ಹತ್ತು ಹೆಜ್ಜೆ ಬಂದಳು. ಗುರುಬಸಪ್ಪನವರ ಹೆಂಡತಿ ಸೀರೆ ಎತ್ತಿ ಹಿಡಿದು ಹೋಗಿ ಚೆಂಡನ್ನು ತಂದರು. ಪುಟ್ಟತಾಯಮ್ಮ ಬಾಗೂರಿನಿಂದ ತಂದಿದ್ದ ಗಂಟಿನಿಂದ ಒಂದು ಬೊಗಸೆ ತೌಡು ಕೊಟ್ಟು ಕೊಂಡಳು. ಚೆಂಡಿಗೆ ಮೂಗಿಲ್ಲವಲ್ಲ ಎಂದು ಯಾರೋ ನಕ್ಕರು. ಅವಳು ನಗಲಿಲ್ಲ. ಚರ್ಮದ ಹೊಲಿಗೆ ದಾರ ಸೇರುವ ಕಡೆ ಒಂದು ತಾಮ್ರದ ಎಳೆ ಪೋಣಿಸಿದಳು.

“ಇವತ್ತಿಂದ ಇದು ತಿಪ್ಪೆ,” ಅಂದಳು.

ಗಣಿತದ ಮೇಷ್ಟ್ರಾದ ನಾನು ಇದನ್ನೆಲ್ಲ ಗೋಡೆಗೆ ಒರಗಿ ನೋಡಿದೆ. ಮನಸ್ಸಿನಲ್ಲಿ ಸ್ವಲ್ಪ ನಕ್ಕೆ ಕೂಡ. ಆದರೆ ಸಂಜೆ ಬನಿಯನ್ನುಗಳ ಮೇಲಿನ ಸಿಂಹವನ್ನು ಅಳಿಸಿ ತಿಪ್ಪೆ ಎಂದು ಬರೆಯುವಾಗ ನನ್ನ ಕೈಗೂ ನೆಮ್ಮದಿಯಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ತಿಪ್ಪೆ ತಂಡ ಗೆದ್ದಿತು. ಹಾಸನದಲ್ಲಿ “ಕಸ ಬಂತು, ಜಾಗ ಬಿಡ್ರೋ” ಎಂದು ಕೂಗಿದರು. ಗುಂಡ ಅವರ ಕಡೆ ತಿರುಗಿ ಕೈಮುಗಿದ. “ಬಂದಿದ್ದೀವಿ ಸಾ. ಗೊಬ್ರ ಆಗಿ ಓಯ್ತೀವಿ.” ಅದನ್ನು ಕೇಳಿ ಹಾಸನದವರೇ ನಕ್ಕರು. ವರ್ಷವಿಡೀ ಯಾರಿಗೂ ಮೈಗೊಂದು ಗೀರು ಕೂಡ ಆಗಲಿಲ್ಲ. ಹುಡುಗರಿಗೆ ಹೆಸರಿನ ಮೇಲೆ ಭರವಸೆ ಬೆಳೆಯಿತು, ಕಬ್ಬಿಣದ ಬಾಗಿಲ ಮೇಲೆ ಇಡುವಂಥದ್ದು.

ಆ ಚಳಿಗಾಲದಲ್ಲಿ ಊರಿಗೆ ಪ್ಲೇಗು ಬಂತು. ಪೇಟೆಯ ಮನೆಗಳಲ್ಲಿ ಇಲಿ ಬಿದ್ದವು. ಜನ ಊರ ಹೊರಗೆ ಗುಡಿಸಲು ಹಾಕಿಕೊಂಡರು. ಶಾಲೆ ಮುಚ್ಚಿತು. ಪ್ಲೇಗಿನ ಸೂಜಿ ಚುಚ್ಚುವ ವೈದ್ಯರ ಪಕ್ಕದಲ್ಲಿ ಕೂತು ಚೀಟಿ ಬರೆಯಲು ನಮ್ಮಂಥ ಮೇಷ್ಟ್ರುಗಳನ್ನು ಹಾಕಿದರು. ಇಂಥವನ ಮಗ ಇಂಥವನು ಚುಚ್ಚಿಸಿಕೊಂಡಿದ್ದಾನೆ, ಕೆಳಗೆ ನನ್ನ ರುಜು. ಆ ಚೀಟಿ ಇಲ್ಲದವರನ್ನು ಬಸ್ಸಿಗೆ ಹತ್ತಿಸುವ ಹಾಗಿರಲಿಲ್ಲ.

ಅರಕಲಗೂಡಿನಲ್ಲಿ ಪಂದ್ಯವಿತ್ತು. ಚುಚ್ಚಿಸಿಕೊಂಡರೆ ತೋಳು ಬಾತು ಎರಡು ಮೂರು ದಿನ ಜ್ವರ ಬರುತ್ತಿತ್ತು. ಪಂದ್ಯಕ್ಕೆ ಉಳಿದಿದ್ದದ್ದು ಒಂದೇ ದಿನ. ಮಧ್ಯಾಹ್ನ ವೈದ್ಯರು ಊಟಕ್ಕೆ ಹೋಗಿದ್ದಾಗ ಗುಂಡ ನನ್ನ ಮುಂದೆ ಬಂದು ಕುಕ್ಕರುಗಾಲಿನಲ್ಲಿ ಕೂತ. ಹಿಂದೆ ಉಳಿದ ನಾಲ್ವರು ನಿಂತಿದ್ದರು.

“ಚೀಟಿ ಬರ್ಕೊಟ್ಬುಡಿ ಮೇಷ್ಟ್ರೇ. ಆಡ್ಕಂಡ್ ಬಂದು ಚುಚ್ಚಿಸ್ಕತೀವಿ.”

“ಸುಳ್ಳು ಚೀಟಿ ಬರೆಯೋದಾ?”

“ಸುಳ್ಳೇನ್ ಬಂತು. ನಂಗೆ ಉಟ್ಟಿದ್ ದಿನಾನೇ ಚುಚ್ಚವ್ರೆ,” ಅಂದು ಮೂಗು ತೋರಿಸಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಐದು ಚೀಟಿ ಬರೆದೆ. ಗುಂಡನದು ಮೂರನೆಯದು.

ಯಾರೂ ನನ್ನನ್ನು ಬಲವಂತ ಮಾಡಲಿಲ್ಲ. ಗುರುಬಸಪ್ಪನವರಿಗೆ ಈ ವಿಷಯ ಗೊತ್ತಿರಲಿಲ್ಲ. ವೈದ್ಯರಿಗೂ ಗೊತ್ತಿರಲಿಲ್ಲ. ಹುಡುಗರು ಗೆಲ್ಲಲಿ ಎಂಬ ಆಸೆ ನನ್ನದು. ಅದರ ಅಡಿಯಲ್ಲಿ ಇನ್ನೊಂದು ಇತ್ತು: ತಿಪ್ಪೆಯ ಹುಡುಗರಿಗೆ ಏನೂ ಆಗದು ಎಂದು ನಾನೂ ಅಷ್ಟು ಹೊತ್ತಿಗೆ ನಂಬಿಬಿಟ್ಟಿದ್ದೆ.

ಬಸ್ಸಿನ ಡ್ರೈವರ್ ಹಿರೀಸಾವೆಯ ಖಾದರ್. ಚೀಟಿಗಳನ್ನು ಒಂದೊಂದಾಗಿ ನೋಡಿ, ಗುಂಡನ ತೋಳು ಹಿಸುಕಿದ. “ಏನಪ್ಪಾ ಪೈಲ್ವಾನ್, ನಂಗೆ ಚುಚ್ಚಿದಾಗ ಮೂರ್ ದಿನ ಸ್ಟೇರಿಂಗ್ ತಿರುಗ್ಸಕ್ಕೆ ಆಗ್ಲಿಲ್ಲ. ನಿಂದು ನೋವೇ ಇಲ್ವಲ್ಲ?” ಗುಂಡ ನನ್ನನ್ನು ನೋಡಿದ. ಖಾದರ್ ಕೂಡ ನನ್ನನ್ನು ನೋಡಿದ. ಚೀಟಿಗಳನ್ನು ಮಡಿಸಿ ವಾಪಸು ಕೊಟ್ಟ.

ಅರಕಲಗೂಡಿನಲ್ಲಿ ಗೆದ್ದರು. ಬಂದ ಮೇಲೆ ಚುಚ್ಚಿಸಿಕೊಳ್ಳಲಿಲ್ಲ. ಚೀಟಿ ಕೈಯಲ್ಲಿತ್ತಲ್ಲ. ನಾನು ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಲಿಲ್ಲ. ಮೂರು ವಾರ ಕಳೆಯಿತು. ಅದೇ ಚೀಟಿ ತೋರಿಸಿ, ಅದೇ ಖಾದರನ ಬಸ್ಸಿನಲ್ಲಿ, ಚನ್ನರಾಯಪಟ್ಟಣಕ್ಕೆ ಹೋದೆವು.

ಬಾಗೂರು ಅಲ್ಲಿಗೆ ಹತ್ತಿರ. ಪುಟ್ಟತಾಯಮ್ಮ ಮಗನ ಆಟ ನೋಡಲು ಬಂದಿದ್ದಳು. ಹೆಂಗಸರು ಹೆಚ್ಚು ಬರುತ್ತಿರಲಿಲ್ಲವಾದ್ದರಿಂದ ದೂರದಲ್ಲಿ ಹೊಂಗೆ ಮರದ ಕೆಳಗೆ ಒಬ್ಬಳೇ ನಿಂತಿದ್ದಳು. ಬಸ್ಸಿನಲ್ಲಿ ಗುಂಡ ಮಾತಾಡದೆ ಕೂತಿದ್ದ. ಚಳಿ ಎಂದು ಟವಲು ಹೊದ್ದಿದ್ದ. ಹೊರಗೆ ಬಿಸಿಲಿತ್ತು. ಇದನ್ನೂ ನಾನು ನೋಡಿದ್ದೆ.

ಮೊದಲರ್ಧ ಅವನು ಆಡಿದ್ದು ಹೇಗೆ ಎಂದು ನನಗೆ ಚೆನ್ನಾಗಿ ನೆನಪಿಲ್ಲ. ನೆನಪಿಲ್ಲದ್ದನ್ನು ಬರೆಯಲಾರೆ. ಎರಡನೆಯ ಅರ್ಧದಲ್ಲಿ ನಾವು ಒಂದು ಗೋಲು ಹಾಕಿದೆವು. ಚೆಂಡು ನಡುಗೆರೆಗೆ ಬಂತು. ಅವರ ಕಡೆ ಹಾರುವವನು ಶ್ರೀಕಂಠಯ್ಯ, ತೆಳ್ಳಗಿನ ಉದ್ದನೆಯ ಮನುಷ್ಯ. ರೆಫರಿ ಚೆಂಡನ್ನು ಮೇಲಕ್ಕೆಸೆದರು. ಶ್ರೀಕಂಠಯ್ಯ ಹಾರಿದ. ಗುಂಡ ಹಾರಲಿಲ್ಲ. ತಲೆ ಎತ್ತಿ ಚೆಂಡು ಹೋದ ಕಡೆ ನೋಡುತ್ತ ನಿಂತ. ಅವನ ಬಲಗೈ ತೊಡೆಯ ಸಂದಿಗೆ ಹೋಗಿ ಅಲ್ಲಿಯೇ ಒತ್ತಿ ಹಿಡಿಯಿತು.

ಎರಡು ತಿಂಗಳಿಂದ ನಾನು ವೈದ್ಯರ ಪಕ್ಕದಲ್ಲಿ ಕೂತಿದ್ದೆ. ಜನ ಅಲ್ಲಿ ಕೈ ಹೀಗೆ ಇಟ್ಟುಕೊಂಡು ಬಂದರೆ ಅದೇನೆಂದು ನನಗೆ ಗೊತ್ತಿತ್ತು. ಅಲ್ಲಿ ಗಡ್ಡೆ ಎದ್ದಿದೆ ಎಂದು ಅರ್ಥ. ಆಗ ಐದು ಗಂಟೆ ಹತ್ತು ನಿಮಿಷ.

ಗುಂಡ ನನ್ನ ಕಡೆ ನೋಡಿದ. ನಮ್ಮ ನಡುವೆ ಏಳೆಂಟು ಹೆಜ್ಜೆ ಇದ್ದಿರಬಹುದು.

“ಇನ್ನೆಷ್ಟದೆ ಮೇಷ್ಟ್ರೇ?” ಅಂದ.

“ನಾಲ್ಕು ನಿಮಿಷ,” ಅಂದೆ.

ಅವನು ತಲೆಯಾಡಿಸಿದ. ನಾನು ಸೀಟಿ ಊದಬಹುದಿತ್ತು. ಊದಿದರೆ ಆಟ ನಿಲ್ಲುತ್ತಿತ್ತು, ಯಾಕೆ ಎಂದು ಕೇಳುತ್ತಿದ್ದರು, ಚುಚ್ಚಿಸಿಕೊಂಡವನಿಗೆ ಹೀಗೇಕಾಯಿತು ಎಂದು ಕೇಳುತ್ತಿದ್ದರು. ಅವನ ಚೀಟಿ ಅವನ ಅಂಗಿಯ ಜೇಬಿನಲ್ಲಿತ್ತು, ಅಂಗಿ ನನ್ನ ಕಾಲ ಬಳಿ ಬಿದ್ದಿತ್ತು. ನಾನು ಗಡಿಯಾರ ನೋಡುತ್ತ ನಿಂತೆ. ಜನ “ತಿಪ್ಪೆ ನೆಲಕ್ಕೇ ಅಂಟ್ಕಂಡೈತೆ ಕಣ್ಲಾ” ಎಂದು ಕೂಗುತ್ತಿದ್ದರು. ಮತ್ತೆ ಎರಡು ಸಲ ಚೆಂಡು ಮೇಲೆ ಹೋಯಿತು. ಎರಡು ಸಲವೂ ಗುಂಡ ಹೋಗಲಿಲ್ಲ. ಎರಡನೆಯ ಸಲ ಶ್ರೀಕಂಠಯ್ಯ ಕೂಡ ಹಾರಲಿಲ್ಲ. ಎದುರಿನವನ ಮುಖ ನೋಡಿ, ಕೈ ಚಾಚಿ ಅವನ ತೋಳು ಹಿಡಿದುಕೊಂಡ. ಚೆಂಡು ಇಬ್ಬರ ನಡುವೆ ನೆಲಕ್ಕೆ ಬಿತ್ತು. ನಾನು ಸೀಟಿ ಊದಿದ್ದು ನಾಲ್ಕು ನಿಮಿಷ ಪೂರ್ತಿ ಆದ ಮೇಲೆಯೇ.

ಗುಂಡ ನಾಲ್ಕನೆಯ ದಿನ ಬೆಳಿಗ್ಗೆ ಹೋದ, ಬಾಗೂರಿನ ಹೊಲದಲ್ಲಿ ಹಾಕಿದ್ದ ಗುಡಿಸಲಿನಲ್ಲಿ. ಅದನ್ನು ನಾನು ಕಂಡಿಲ್ಲ. ಅವನನ್ನು ಅಲ್ಲಿಗೆ ತಲುಪಿಸಿದ ಖಾದರ್ ಹೇಳಿದ್ದು. ಉಳಿದ ನಾಲ್ವರನ್ನು ನಾನು ಮಾರನೆಯ ದಿನವೇ ಎಳೆದುಕೊಂಡು ಹೋಗಿ ಚುಚ್ಚಿಸಿದೆ. ಅವರು ಉಳಿದರು. ಊರಿನವರು, ರೋಗ ಒಬ್ಬನನ್ನು ತೆಗೆದುಕೊಂಡು ಉಳಿದವರನ್ನು ಬಿಟ್ಟಿತು, ಹೆಸರಿನ ಮಹಿಮೆ ಅಂದರು. ಗುರುಬಸಪ್ಪನವರು ಇನ್ನು ಸಂಬಳಕ್ಕೆ ಆಡಿಸುವುದಿಲ್ಲ ಎಂದು ಚೆಂಡನ್ನು ಶಾಲೆಗೆ ಕೊಟ್ಟರು. ಯುದ್ಧದ ಕಾಲದಲ್ಲಿ ಅವರೂ ತೀರಿಕೊಂಡರು. ಹೆಸರು ಚೆಂಡಿನ ಜೊತೆ ಶಾಲೆಗೆ ಬಂತು.

ನಾನು ಬಾಗೂರಿಗೆ ಹೋಗಲಿಲ್ಲ. ಹೋಗಬೇಕೆಂದು ಪ್ರತಿ ವರ್ಷವೂ ಅಂದುಕೊಂಡೆ. ಒಬ್ಬ ವೈದ್ಯರನ್ನು ಮಾತ್ರ ಕೇಳಿದ್ದೆ, ಬೇರೆ ಯಾರದೋ ವಿಷಯ ಎನ್ನುವ ಹಾಗೆ. ಮೂರು ವಾರ ಮೊದಲೇ ಚುಚ್ಚಿಸಿದ್ದರೆ ಉಳಿಯುವ ಸಂಭವವೇ ಹೆಚ್ಚು, ಖಾತ್ರಿ ಇಲ್ಲ, ಅಂದರು.

ತರುಣರು ಬಂದು ಹೋದ ಮಾರನೆಯ ದಿನ ಬಸ್ಸು ಹತ್ತಿದೆ. ಪುಟ್ಟತಾಯಮ್ಮ ಜಗುಲಿಯಲ್ಲಿ ಕೂತು ಅವರೆ ಕಾಯಿ ಬಿಡಿಸುತ್ತಿದ್ದಳು. ಗುರುತು ಹಿಡಿದಳು. “ಗಡಿಯಾರದ ಮೇಷ್ಟ್ರಲ್ವಾ? ಕೂತ್ಕಳಿ,” ಅಂದಳು. ಹೆಸರು ಕೆಟ್ಟಿತು ಎಂದಿರಂತಲ್ಲ, ಯಾಕೆ, ಎಂದು ಕೇಳಿದೆ.

“ತೌಡು ನಮ್ಮನೇದು ಕಣ್ರಪ್ಪ. ಮೂರ್ ಕೂಸು ಕಳ್ಕಂಡ ಮನೇದು. ಸಾವಾಗದಿರೋ ಮನೆ ತೌಡು ಕೊಡ್ಬೇಕಿತ್ತು. ಗುಂಡ ಉಟ್ಟಿದಾಗ ಬೇರೆ ಮನೇದೇ ಇಸ್ಕಂಡಿದ್ದೆ. ಆವತ್ತು ಚೆಂಡು ಅಲ್ವಾ ಅಂತ ಸಸಾರ ಮಾಡ್ದೆ. ಹನ್ನೆಲ್ಡು ವರ್ಸದಿಂದ ತೌಡು ಮುಟ್ಟುದ್ರೆ ಕೈ ಉರೀತದೆ.”

ನಾನು ಹೇಳಿದೆ. ಮಧ್ಯಾಹ್ನದ ಹೊತ್ತು, ಐದು ಚೀಟಿ, ಮೂರನೆಯದು, ನನ್ನ ರುಜು. ನಾಲ್ಕು ನಿಮಿಷವನ್ನೂ ಹೇಳಿದೆ. ಅವಳ ಕೈ ಅವರೆ ಕಾಯಿಯ ಮೇಲೆ ನಿಂತಿತು.

“ಚುಚ್ಚಿಸಿದ್ರೆ ಉಳೀತಿದ್ನಾ?”

“ಉಳಿಯೋದೇ ಹೆಚ್ಚು ಅಂದ್ರು. ಖಾತ್ರಿ ಇಲ್ಲ.”

ಬಯ್ಯಲಿ ಎಂದು ನಾನು ಕಾದೆ. ಬಯ್ಯಲಿಲ್ಲ.

“ಅಂಗಾರೆ ತೌಡಿಂದಲ್ಲ,” ಅಂದಳು.

“ಅಲ್ಲ.”

“ಮೊದ್ಲೇ ಬಂದು ಏಳ್ಬಾರ್ದಾಗಿತ್ತಾ ಮೇಷ್ಟ್ರೇ. ಹನ್ನೆಲ್ಡು ವರ್ಸ.”

ನಾನು ಎದ್ದು ನಿಂತಾಗ ಅವಳು ಮುಖ ಎತ್ತದೆ ಹೇಳಿದಳು: “ಆ ಐಕ್ಳಿಗೆ ಏಳಿ. ಹೆಸ್ರು ಇರ್ಲಿ. ನಾನ್ ಇಟ್ಟಿದ್ದು ಸರ್ಯಾಗೇ ಇತ್ತು. ಸೂಜಿನೂ ಚುಚ್ಚಿಸ್ಕಳಿ ಅನ್ನಿ.” ಅವರೆ ಕಾಯಿ ಬಿಡಿಸುವ ಸದ್ದು ಮತ್ತೆ ಶುರುವಾಯಿತು. ಕೂತ್ಕಳಿ ಎಂದು ಎರಡನೆಯ ಸಲ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಬಿಳಿ ಬಣ್ಣ ತರಿಸಿ, ಬನಿಯನ್ನಿನ ಖಾಲಿ ಜಾಗದಲ್ಲಿ ತಿಪ್ಪೆ ಎಂದು ನಾನೇ ಬರೆದೆ. ಕೊನೆಯ ಅಕ್ಷರ ಸ್ವಲ್ಪ ಇಳಿದಿದೆ. ಒಣಗುವವರೆಗೆ ಇದನ್ನು ಬರೆಯುತ್ತ ಕೂತೆ. ತರುಣರು ಕೇಳಿದ್ದ ಒಂದು ಪುಟ ದಾಟಿ ಹೋಗಿದೆ. ಪೂರ್ತಿ ಅಚ್ಚು ಹಾಕಿಸುತ್ತಾರೋ ಇಲ್ಲವೋ ತಿಳಿಯದು. ನನ್ನ ರುಜುವನ್ನಂತೂ ಕೆಳಗೆ ಹಾಕುತ್ತೇನೆ.

ನಾನು ಬರೆದದ್ದರಲ್ಲಿ ಅನುಮಾನ ಬಂದವರು ಕೇಳಬಹುದು. ಆ ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಅಲ್ಲಿದ್ದು, ಗುಂಡನ ಕೈ ಎಲ್ಲಿಗೆ ಹೋಯಿತೆಂದು ಕಂಡವರಲ್ಲಿ ನನಗೆ ತಿಳಿದ ಮಟ್ಟಿಗೆ ಈಗಲೂ ಇರುವವರು ನನ್ನನ್ನು ಬಿಟ್ಟು ಮೂವರು. ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಹಿರೀಸಾವೆಯ ಖಾದರ್. ಗುಂಡನ ತೋಳು ಹಿಡಿದುಕೊಂಡ ಚನ್ನರಾಯಪಟ್ಟಣದ ಶ್ರೀಕಂಠಯ್ಯ. ಹೊಂಗೆ ಮರದ ಕೆಳಗೆ ಒಬ್ಬಳೇ ನಿಂತಿದ್ದ ಬಾಗೂರಿನ ಪುಟ್ಟತಾಯಮ್ಮ.